ಸ್ವಿಟ್ಜರ್ಲೆಂಡ್ ಬಾಗಿಲು ತೆರೆದರೆ ಜರ್ಮನಿಯೂ ತೆರೆದಂತೆಯೇ?

ಪ್ರಶ್ನೆ: ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಘಟಕವಿದೆ. ಸಿಎನ್‌ಸಿ ಲೇತ್‌ಗಳಲ್ಲಿ ಉಕ್ಕು, ಹಿತ್ತಾಳೆಯ ಬಿಡಿಭಾಗಗಳನ್ನು ಮಾಡುತ್ತೇವೆ. ಆರ್ಡರುಗಳಲ್ಲಿ ದೊಡ್ಡ ಪಾಲು ಸ್ವಿಟ್ಜರ್ಲೆಂಡ್‌ನ ಒಂದು ಪ್ಯಾಕಿಂಗ್ ಯಂತ್ರ ಕಂಪನಿಯದು. ಅವರು ಯಂತ್ರ ಜೋಡಿಸಿ ಹೆಚ್ಚಾಗಿ ಜರ್ಮನಿ, ಇಟಲಿಗೆ ಮಾರುತ್ತಾರೆ. 2025ರ ಅಕ್ಟೋಬರ್‌ನಲ್ಲಿ ಸ್ವಿಟ್ಜರ್ಲೆಂಡ್ ಇರುವ ಎಫ್ಟಾ ಬಣದ ಜೊತೆ ಭಾರತದ ಒಪ್ಪಂದ ಜಾರಿಗೆ ಬಂದಾಗ, ಇನ್ನು ಕಾಗದಪತ್ರದ ಕಾಟ ತಪ್ಪಿತು ಅಂದುಕೊಂಡೆವು. ಆದದ್ದು ಉಲ್ಟಾ. ಒಂದೊಂದು ಭಾಗದ ಮೂಲ ದೇಶವನ್ನೂ ಬೆಲೆಯನ್ನೂ ಬೇರೆ ಬೇರೆಯಾಗಿ ಬರೆದು ಕೊಡಿ ಎಂದು ಖರೀದಿದಾರರು ಕೇಳುತ್ತಿದ್ದಾರೆ. ನಮ್ಮ ಕ್ಲಿಯರಿಂಗ್ ಏಜೆಂಟರಂತೂ ‘ಸ್ವಿಸ್‌ಗೆ ಡ್ಯೂಟಿ ಇಲ್ಲದೆ ಹೋದ ಮಾಲು ಯುರೋಪಿನಲ್ಲೆಲ್ಲ ಫ್ರೀ ಸಾರ್, ಸುಮ್ಮನೆ ಸಹಿ ಮಾಡಿ’ ಎನ್ನುತ್ತಾರೆ. ಇನ್ನೊಂದು ಕಡೆ, ಐರೋಪ್ಯ ಒಕ್ಕೂಟದ ಜೊತೆಗಿನ ಹೊಸ ಒಪ್ಪಂದವನ್ನು ಸ್ವಿಸ್ ಜನ ತಿರಸ್ಕರಿಸಿದರೆ ಜೋಡಣೆಯ ಕೆಲಸವನ್ನೇ ಜರ್ಮನಿಗೆ ಸಾಗಿಸಬೇಕಾದೀತು ಎಂದು ಖರೀದಿದಾರರು ಸೂಚ್ಯವಾಗಿ ಹೇಳಿದ್ದಾರೆ. ನಾವು ಹೆದರಬೇಕೆ? ಅಷ್ಟಕ್ಕೂ ಎಲ್ಲರಿಗೂ ಬೇಕಾಗಿದ್ದು ಮುಕ್ತ ವ್ಯಾಪಾರವೇ ಆಗಿದ್ದರೆ ಯುರೋಪಿನವರು ಎರಡೆರಡು ಬಣ ಕಟ್ಟಿಕೊಂಡದ್ದು ಯಾಕೆ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯೊಳಗೇ ಉಳಿದವುಗಳ ಉತ್ತರ ಇದೆ. ಆದರೆ ಮೊದಲು ಏಜೆಂಟರ ಮಾತನ್ನು ತಿದ್ದಿಬಿಡೋಣ. ಅದನ್ನು ನಂಬಿ ಸಹಿ ಹಾಕಿದರೆ ನಾಳೆ ಉತ್ತರ ಕೊಡಬೇಕಾದವರು ನೀವು, ಅವರಲ್ಲ.

ನಿಮ್ಮ ಮಾಲು ಸ್ವಿಟ್ಜರ್ಲೆಂಡ್‌ಗೆ ಸುಂಕವಿಲ್ಲದೆ ಹೋಗುತ್ತಿರುವುದು ನಿಜ. ಆದರೆ ಅದಕ್ಕೆ ಕಾರಣ ಹೊಸ ಒಪ್ಪಂದವಲ್ಲ. 2024ರ ಜನವರಿ 1ರಿಂದಲೇ ಸ್ವಿಸ್ ಸರ್ಕಾರ ಕೈಗಾರಿಕಾ ಸರಕುಗಳ ಆಮದು ಸುಂಕವನ್ನು ಸೊನ್ನೆ ಮಾಡಿದೆ. ಭಾರತದಿಂದ ಬರಲಿ, ಚೀನಾದಿಂದ ಬರಲಿ, ಎಲ್ಲಕ್ಕೂ ಸೊನ್ನೆ. 2024ರ ಮಾರ್ಚ್ 10ರಂದು ಸಹಿಯಾದ ಭಾರತ–ಎಫ್ಟಾ ಒಪ್ಪಂದ, ಅಂದರೆ ಟೆಪಾ, ಆ ಸೊನ್ನೆಯನ್ನು ನಮ್ಮ ಮಟ್ಟಿಗೆ ಲಿಖಿತ ವಚನವಾಗಿಸಿತು. ನಾಳೆ ಅವರು ಮನಸ್ಸು ಬದಲಿಸಿದರೂ ನಮ್ಮ ಮೇಲೆ ಸುಂಕ ಹಾಕುವುದು ಕಷ್ಟ, ಅಷ್ಟು ಲಾಭ. ಹದಿನೈದು ವರ್ಷಗಳಲ್ಲಿ 100 ಬಿಲಿಯನ್ ಡಾಲರ್ ಹೂಡಿಕೆ ತರುವ ಗುರಿ, ಸ್ವಿಸ್ ಗಡಿಯಾರ, ಚಾಕೊಲೇಟ್ ಮೇಲಿನ ನಮ್ಮ ಸುಂಕದ ಹಂತಹಂತದ ಇಳಿಕೆ ಎಲ್ಲ ಅದರಲ್ಲಿವೆ. ನಿಮ್ಮ ಲೇತಿಗೆ ಅವು ನೇರವಾಗಿ ಸಂಬಂಧಿಸಿದ್ದಲ್ಲ.

ಎಫ್ಟಾ ಎಂದರೆ ಯುರೋಪಿಯನ್ ಮುಕ್ತ ವ್ಯಾಪಾರ ಸಂಘ. ಈಗ ಅದರಲ್ಲಿ ಇರುವುದು ಸ್ವಿಟ್ಜರ್ಲೆಂಡ್, ನಾರ್ವೆ, ಐಸ್‌ಲ್ಯಾಂಡ್, ಲಿಕ್ಟನ್‌ಸ್ಟೈನ್ ನಾಲ್ಕೇ ದೇಶ. ಒಂದೂ ಐರೋಪ್ಯ ಒಕ್ಕೂಟದ ಸದಸ್ಯ ಅಲ್ಲ. ಆದ್ದರಿಂದ ನಿಮ್ಮ ಬಿಡಿಭಾಗ ಬಾಸೆಲ್‌ನ ಗೋದಾಮಿಗೆ ಬಂದು, ಹೇಗಿತ್ತೋ ಹಾಗೆಯೇ ರೈನ್ ನದಿ ದಾಟಿದರೆ ಜರ್ಮನಿಯ ಕಸ್ಟಮ್ಸ್ ಕಣ್ಣಿಗೆ ಅದು ಭಾರತದ ಸರಕೇ. ಭಾರತದ ಸರಕಿಗೆ ಒಕ್ಕೂಟ ಏನು ಸುಂಕ ಹಾಕುತ್ತದೋ ಅದನ್ನು ಕಟ್ಟಲೇಬೇಕು. ಭಾರತ ಮತ್ತು ಒಕ್ಕೂಟದ ನಡುವಿನ ಒಪ್ಪಂದದ ದಾರಿಯೇ ಬೇರೆ. ಟೆಪಾ ಹಿಡಿದುಕೊಂಡು ಆ ಬಾಗಿಲು ತಟ್ಟಿದರೆ ತೆರೆಯುವುದಿಲ್ಲ.

ಇದು ಹೀಗೇಕೆ ಎಂದು ತಿಳಿಯಲು ಎರಡು ವ್ಯವಸ್ಥೆಗಳ ವ್ಯತ್ಯಾಸ ಗೊತ್ತಿರಬೇಕು. ಅಣ್ಣತಮ್ಮಂದಿರ ಐದಾರು ಮನೆಗಳಿಗೆ ಒಂದೇ ಕಾಂಪೌಂಡು, ಒಂದೇ ಗೇಟು ಇದ್ದರೆ ಅದು ಕಸ್ಟಮ್ಸ್ ಯೂನಿಯನ್. ಗೇಟಿನಲ್ಲಿ ಒಮ್ಮೆ ತಪಾಸಣೆಯಾದರೆ ಒಳಗೆ ಎಲ್ಲ ಮನೆಗೂ ಓಡಾಡಬಹುದು. ಆದರೆ ಗೇಟಿನಲ್ಲಿ ಯಾರನ್ನು ಬಿಡಬೇಕು ಎಂಬುದನ್ನು ಎಲ್ಲರೂ ಸೇರಿ ತೀರ್ಮಾನಿಸಬೇಕು. ಮುಕ್ತ ವ್ಯಾಪಾರ ವಲಯದಲ್ಲಿ ಪ್ರತಿ ಮನೆಗೂ ತನ್ನದೇ ಗೇಟು. ಹಿತ್ತಲ ಗೋಡೆಗೆ ಮಾತ್ರ ಒಂದು ಬಾಗಿಲು ಒಡೆದಿರುತ್ತಾರೆ. ಆಗ ಹೊರಗಿನವರು ಯಾರ ಗೇಟು ಸಡಿಲವೋ ಅದರಲ್ಲಿ ನುಗ್ಗಿ ಹಿತ್ತಲಿನಿಂದ ಎಲ್ಲ ಮನೆಗೂ ಹೋಗಬಹುದು. ಅದನ್ನು ತಡೆಯಲು ಹಿತ್ತಲ ಬಾಗಿಲಿನಲ್ಲೊಬ್ಬ ಕಾವಲುಗಾರ ನಿಂತು ‘ನೀನು ಈ ಮನೆಯವನೋ, ನೆಂಟನೋ’ ಎಂದು ಕೇಳುತ್ತಾನೆ. ವ್ಯಾಪಾರದ ಭಾಷೆಯಲ್ಲಿ ಆ ಕಾವಲುಗಾರನ ಹೆಸರು ಮೂಲ ನಿಯಮ, ರೂಲ್ಸ್ ಆಫ್ ಒರಿಜಿನ್. ನಿಮ್ಮ ಖರೀದಿದಾರರು ಕಳಿಸುತ್ತಿರುವ ಫಾರ್ಮುಗಳೆಲ್ಲ ಅವನ ಪ್ರಶ್ನೆಗಳೇ.

ಯುರೋಪು ಎರಡು ಬಣವಾದದ್ದೂ ಇದೇ ಜಗಳದಿಂದ. 1957ರ ಮಾರ್ಚ್ 25ರಂದು ರೋಮ್‌ನಲ್ಲಿ ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ, ಬೆಲ್ಜಿಯಂ, ನೆದರ್‌ಲ್ಯಾಂಡ್ಸ್, ಲಕ್ಸೆಂಬರ್ಗ್ ಸೇರಿ ಆರ್ಥಿಕ ಸಮುದಾಯದ, ಅಂದರೆ ಈಗಿನ ಐರೋಪ್ಯ ಒಕ್ಕೂಟದ ಮೊದಲ ರೂಪದ, ಒಪ್ಪಂದಕ್ಕೆ ಸಹಿ ಹಾಕಿದವು. ಒಂದೇ ಗೇಟಿನ ವ್ಯವಸ್ಥೆ, ಜೊತೆಗೆ ಕೃಷಿಗೂ ಸಾಮಾನ್ಯ ನೀತಿ. ಬ್ರಿಟನ್ನಿಗೆ ಇದು ಬೇಡವಾಗಿತ್ತು, ಆದರೆ ಹೊರಗುಳಿದು ಮಾರುಕಟ್ಟೆ ಕಳೆದುಕೊಳ್ಳುವುದೂ ಬೇಡವಾಗಿತ್ತು. 1932ರ ಒಟ್ಟಾವಾ ಒಪ್ಪಂದಗಳ ಕಾಲದಿಂದ ಕಾಮನ್‌ವೆಲ್ತ್ ದೇಶಗಳ ಸರಕಿಗೆ ಅಲ್ಲಿ ವಿಶೇಷ ರಿಯಾಯಿತಿ ಇತ್ತು. ನ್ಯೂಜಿಲೆಂಡಿನ ಬೆಣ್ಣೆ, ಕೆನಡಾದ ಗೋಧಿಗೆ ಗೇಟು ತೆರೆದಿಟ್ಟುಕೊಂಡೇ ಯುರೋಪಿನ ಕಡೆಗೂ ಬಾಗಿಲು ಒಡೆಯುವುದು ಹೇಗೆ? 1956ರಲ್ಲಿ ಲಂಡನ್ನಿನ ಅಧಿಕಾರಿಗಳು ‘ಪ್ಲ್ಯಾನ್ ಜಿ’ ಎಂಬ ಯೋಜನೆ ಸಿದ್ಧಪಡಿಸಿದರು. ಪಶ್ಚಿಮ ಯುರೋಪಿನ ಎಲ್ಲರನ್ನೂ ಒಳಗೊಂಡ ಮುಕ್ತ ವ್ಯಾಪಾರ ವಲಯ, ಕೈಗಾರಿಕಾ ಸರಕಿಗೆ ಮಾತ್ರ, ಕೃಷಿ ಹೊರಗೆ, ಹೊರ ದೇಶಗಳ ಮೇಲಿನ ಸುಂಕ ಅವರವರ ಇಷ್ಟ.

ಬ್ರಿಟನ್ನಿನ ಕಡೆಯಿಂದ ನೋಡಿದರೆ ಬುದ್ಧಿವಂತ ಯೋಜನೆ. ಪ್ಯಾರಿಸ್ಸಿನಿಂದ ನೋಡಿದರೆ ತಾನು ಕೊಡುವುದೆಲ್ಲ ಇದೆ, ತನಗೆ ಬೇಕಾದ್ದು ಒಂದೂ ಇಲ್ಲ. ಫ್ರಾನ್ಸಿಗೆ ಬೇಕಿದ್ದದ್ದು ತನ್ನ ರೈತರಿಗೆ ಮಾರುಕಟ್ಟೆ. ಬ್ರಿಟಿಷ್ ಕಾರ್ಖಾನೆಗಳೋ ಕಾಮನ್‌ವೆಲ್ತ್‌ನಿಂದ ಕಚ್ಚಾ ಮಾಲನ್ನು ಅಗ್ಗಕ್ಕೆ ತಂದು, ಸರಕು ಮಾಡಿ, ಸುಂಕವಿಲ್ಲದೆ ಫ್ರಾನ್ಸಿಗೆ ಮಾರಬಹುದಿತ್ತು. ಯುದ್ಧಾನಂತರದ ಮಾರ್ಷಲ್ ನೆರವನ್ನು ನಿರ್ವಹಿಸಲು 1948ರಲ್ಲಿ ಹುಟ್ಟಿದ್ದ ಆರ್ಥಿಕ ಸಹಕಾರ ಸಂಸ್ಥೆಯ ಆಶ್ರಯದಲ್ಲಿ 1957ರ ಅಕ್ಟೋಬರ್‌ನಿಂದ ಮಾತುಕತೆ ನಡೆಯಿತು. ಅಧ್ಯಕ್ಷರು ಬ್ರಿಟನ್ನಿನ ಸಚಿವ ರೆಜಿನಾಲ್ಡ್ ಮಾಡ್ಲಿಂಗ್. ಒಂದು ವರ್ಷಕ್ಕೂ ಮೀರಿ ಕೂತರು. ಮತ್ತೆ ಮತ್ತೆ ಸಿಕ್ಕಿಹಾಕಿಕೊಂಡದ್ದು ಸರಕಿನ ಮೂಲವನ್ನು ಹೇಗೆ ಗುರುತಿಸುವುದು ಎಂಬಲ್ಲಿ. ಇಟಲಿಯ ವ್ಯಾಪಾರ ಸಚಿವ ಗ್ವಿಡೊ ಕಾರ್ಲಿ ಒಂದು ಜಾಣ ದಾರಿ ತೋರಿಸಿದರು: ಎಲ್ಲರ ಸುಂಕಗಳೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿದ್ದ ಸರಕಿಗೆ ಮೂಲ ಕೇಳುವುದೇ ಬೇಡ, ಅಂತರ ಹೆಚ್ಚಿದ್ದಲ್ಲಿ ಮಾತ್ರ ಅದನ್ನು ಸರಿದೂಗಿಸುವ ಸುಂಕ ಹಾಕೋಣ. ನನ್ನ ಮಟ್ಟಿಗೆ ಆ ಮಾತುಕತೆಯಲ್ಲಿ ಬಂದ ಅತ್ಯಂತ ಪ್ರಾಯೋಗಿಕ ಸಲಹೆ ಅದು. ಒಪ್ಪಿಕೊಳ್ಳುವ ಮನಸ್ಸು ಯಾರಿಗೂ ಇರಲಿಲ್ಲ.

ಇಲ್ಲಿ ಜನಪ್ರಿಯವಾದ ಒಂದು ಕಥೆಯಿದೆ, ಫ್ರಾನ್ಸಿನಲ್ಲಿ ಡಿ ಗಾಲ್ ಅಧಿಕಾರಕ್ಕೆ ಬಂದು ಎಲ್ಲ ಹಾಳು ಮಾಡಿದರು ಎಂದು. ಅರ್ಧ ಮಾತ್ರ ನಿಜ. 1958ರ ನವೆಂಬರ್ 14ರಂದು ಅವರ ಸಚಿವ ಜಾಕ್ ಸೂಸ್ತೆಲ್ ಬ್ರಿಟಿಷರು ಬಯಸಿದ ರೀತಿಯ ವಲಯ ಸಾಧ್ಯವಿಲ್ಲ ಎಂದು ಪತ್ರಕರ್ತರಿಗೆ ಹೇಳಿದ್ದು, ಅಲ್ಲಿಗೆ ಮಾತುಕತೆ ಮುರಿದದ್ದು ಹೌದು. ಆದರೆ ಡಿ ಗಾಲ್ ಬಂದದ್ದು ಜೂನ್‌ನಲ್ಲಿ. ಅದಕ್ಕೂ ಮೊದಲೇ ಹಿಂದಿನ ಫ್ರೆಂಚ್ ಸರ್ಕಾರ ಒಂದೊಂದು ಉದ್ಯಮಕ್ಕೂ ಬೇರೆ ಬೇರೆ ಚರ್ಚೆ ಆಗಲಿ ಎಂದು ಪಟ್ಟು ಹಿಡಿದಿತ್ತು. ಅಂದರೆ ಎಂದೂ ಮುಗಿಯದಿರಲಿ ಎಂದರ್ಥ. ಜರ್ಮನಿಯ ಅರ್ಥ ಸಚಿವ ಎರ್ಹಾರ್ಡ್‌ಗೆ ದೊಡ್ಡ ವಲಯವೇ ಇಷ್ಟವಿತ್ತು. ಚಾನ್ಸಲರ್ ಅಡೆನೌವರ್‌ಗೆ ಫ್ರಾನ್ಸಿನ ಸ್ನೇಹ ಅದಕ್ಕಿಂತ ಮುಖ್ಯವಾಯಿತು.

ಹೊರಗುಳಿದ ಏಳು ದೇಶಗಳು (ಬ್ರಿಟನ್, ಸ್ವೀಡನ್, ನಾರ್ವೆ, ಡೆನ್ಮಾರ್ಕ್, ಆಸ್ಟ್ರಿಯಾ, ಪೋರ್ಚುಗಲ್, ಸ್ವಿಟ್ಜರ್ಲೆಂಡ್) 1960ರ ಜನವರಿಯಲ್ಲಿ ಎಫ್ಟಾ ಒಪ್ಪಂದಕ್ಕೆ ಸಹಿ ಹಾಕಿದವು. ಅಸಾಧ್ಯವೆಂದಿದ್ದ ಮೂಲ ನಿಯಮವನ್ನು ಅವರು ಸರಳವಾಗಿಯೇ ಬರೆದುಕೊಂಡರು: ಸರಕಿನ ಬೆಲೆಯಲ್ಲಿ ಹೊರಗಿನ ಮಾಲು ಅರ್ಧಕ್ಕಿಂತ ಹೆಚ್ಚಿರಬಾರದು, ಇಲ್ಲವೇ ಪಟ್ಟಿಯಲ್ಲಿರುವ ತಯಾರಿಕಾ ಕ್ರಮ ಒಳಗೇ ನಡೆದಿರಬೇಕು. 1966ರ ಕೊನೆಯ ಹೊತ್ತಿಗೆ ತಮ್ಮೊಳಗಿನ ಕೈಗಾರಿಕಾ ಸುಂಕ ತೆಗೆದೂ ಹಾಕಿದರು, ಯೋಜನೆಗಿಂತ ಮೂರು ವರ್ಷ ಮುಂಚೆ. ಹಾಗಾದರೆ 1958ರಲ್ಲಿ ಅಡ್ಡ ಬಂದದ್ದು ತಾಂತ್ರಿಕ ಕಷ್ಟವಲ್ಲ ಎಂದಾಯಿತು. ರೈತರ ಪಾಲು, ಕಾಮನ್‌ವೆಲ್ತ್‌ನ ರಿಯಾಯಿತಿ, ನಿಯಮ ಬರೆಯುವ ಅಧಿಕಾರ ಇವುಗಳ ಚೌಕಾಸಿಗೆ ‘ಮೂಲ’ ಒಂದು ನೆಪವೂ ಆಗಿತ್ತು. ಇಂದಿಗೂ ಸುಂಕದ ಚರ್ಚೆ ತಾಂತ್ರಿಕ ವಿಷಯದಲ್ಲಿ ಸಿಕ್ಕಿಕೊಂಡಿದೆ ಎಂದು ಯಾರಾದರೂ ಹೇಳಿದರೆ, ಯಾರ ಹಾಲಿಗೆ ಯಾರ ಗೋಧಿಗೆ ಪೆಟ್ಟು ಬೀಳುತ್ತದೆ ಎಂದು ನಾನು ಮೊದಲು ನೋಡುತ್ತೇನೆ.

ಮುಂದಿನದು ಚಿಕ್ಕದಾಗಿ. ಬ್ರಿಟನ್ ಮತ್ತು ಡೆನ್ಮಾರ್ಕ್ 1973ರಲ್ಲಿ ಆ ಕಡೆಗೆ ಜಿಗಿದವು. ಉಳಿದವರ ಕೈಬಿಡಬಾರದೆಂದು ಸಮುದಾಯ ಅವರೊಂದಿಗೆ ಪ್ರತ್ಯೇಕ ಒಪ್ಪಂದ ಮಾಡಿಕೊಂಡಿತು. ನಿಮ್ಮ ಖರೀದಿದಾರರ ಯಂತ್ರ ಇವತ್ತು ಜರ್ಮನಿಗೆ ಸುಂಕವಿಲ್ಲದೆ ಹೋಗುತ್ತಿರುವುದು ಸ್ವಿಟ್ಜರ್ಲೆಂಡ್ 1972ರ ಜುಲೈ 22ರಂದು ಸಹಿ ಹಾಕಿದ ಆ ಹಳೆಯ ಕಾಗದದ ಬಲದಿಂದ. ಅದರಲ್ಲೊಂದು ಷರತ್ತಿದೆ: ಯಂತ್ರ ‘ಸ್ವಿಸ್ ಮೂಲ’ದ್ದಾಗಿರಬೇಕು.

ಈಗ ನಿಮ್ಮ ಫಾರ್ಮಿಗೆ ಬರೋಣ. ಸ್ವಿಸ್ ಯಂತ್ರದಲ್ಲಿರುವ ಜರ್ಮನ್ ಮೋಟರು, ಇಟಲಿಯ ವಾಲ್ವು ಸರಿಯಾದ ಕಾಗದವಿದ್ದರೆ ಒಳಗಿನವೇ ಎಂದು ಲೆಕ್ಕ. ಯುರೋಪ್ ಮತ್ತು ಮೆಡಿಟರೇನಿಯನ್ ಸುತ್ತಲಿನ ದೇಶಗಳು ಮೂಲವನ್ನು ಹೀಗೆ ಕೂಡಿಸಿಕೊಳ್ಳಲು ತಮ್ಮೊಳಗೆ ಒಡಂಬಡಿಕೆ ಮಾಡಿಕೊಂಡಿವೆ. ಭಾರತ ಅದರಲ್ಲಿಲ್ಲ. ಹೀಗಾಗಿ ನಿಮ್ಮ ಪಿನ್ನು, ಬುಷ್ಷು, ಶಾಫ್ಟುಗಳು ಚೀನಾದ, ಜಪಾನಿನ ಭಾಗಗಳ ಜೊತೆ ‘ಹೊರಗಿನ ಮಾಲು’ ಎಂಬ ಖಾತೆಗೆ ಹೋಗುತ್ತವೆ. ಆ ಖಾತೆಗೆ ಮಿತಿ ಇದೆ. ಹಲವು ಯಂತ್ರಗಳಿಗೆ ಹಳೆಯ ನಿಯಮದಲ್ಲಿ ಅದು ಕಾರ್ಖಾನೆ ಬೆಲೆಯ ಶೇ 40. 2025ರಿಂದ ಬಂದ ಪರಿಷ್ಕೃತ ನಿಯಮದಲ್ಲಿ ಹಲವಕ್ಕೆ ಶೇ 50. ಯಂತ್ರದ ಎಚ್‌ಎಸ್ ಕೋಡ್ (ಕಸ್ಟಮ್ಸ್‌ನಲ್ಲಿ ಸರಕನ್ನು ವರ್ಗೀಕರಿಸುವ ಸಂಖ್ಯೆ) ನೋಡದೆ ನಿಖರವಾಗಿ ಹೇಳಲಾಗದು.

ಒಂದು ಕಾಲ್ಪನಿಕ ಲೆಕ್ಕ ನೋಡಿ. ಯಂತ್ರದ ಬೆಲೆ 100 ರೂಪಾಯಿ, ಮಿತಿ 40. ನಿಮ್ಮ ಭಾಗಗಳು 12, ಚೀನಾದ್ದು 15, ಜಪಾನಿನದು 10. ಒಟ್ಟು 37, ಪಾಸು. ಖರೀದಿದಾರರು ಮುಂದಿನ ವರ್ಷ ಇಟಲಿಯಿಂದ ತರುತ್ತಿದ್ದ 6 ರೂಪಾಯಿಯ ಭಾಗವನ್ನು ಚೀನಾದಿಂದ ತರಿಸಿದರು ಅನ್ನಿ, 43 ಆಯಿತು. ಇಡೀ ಯಂತ್ರಕ್ಕೆ ಸುಂಕ ಬಿತ್ತು. ನೀವೇನೂ ಮಾಡಿಲ್ಲ, ಆದರೂ ಮುಂದಿನ ಮೀಟಿಂಗಿನಲ್ಲಿ ನಿಮ್ಮ 12ರ ಮೇಲೆ ಕಣ್ಣು ಬೀಳುತ್ತದೆ. ಅದಕ್ಕೇ ಅವರಿಗೆ ಒಂದೊಂದು ಭಾಗದ ಬೆಲೆ ಬೇಕು. ಇದನ್ನು ಕಿರುಕುಳ ಎಂದುಕೊಳ್ಳಬೇಡಿ. ಬೆಲೆ ಕೇಳುತ್ತಿರುವುದು ನಿಮ್ಮ ಲಾಭವನ್ನು ಹಿಂಡಲು ಎಂಬ ಗುಮಾನಿ ನನ್ನ ಬಳಿ ಬರುವ ಬಹಳಷ್ಟು ಪೂರೈಕೆದಾರರಿಗಿದೆ. ಕೆಲವೊಮ್ಮೆ ಅದೂ ಇರುತ್ತದೆ ಅನ್ನಿ.

ಹಾಗೆಂದು ಈ ಸುಂಕವನ್ನು ಗುಮ್ಮನಂತೆ ಕಾಣಬೇಕಿಲ್ಲ. ಒಕ್ಕೂಟದಲ್ಲಿ ಬಹುಪಾಲು ಯಂತ್ರೋಪಕರಣಗಳ ಸಾಮಾನ್ಯ ಸುಂಕ ಶೇ 1.7ರಿಂದ 3.7ರೊಳಗೆ ಇದೆ. ಕೆಲವು ಕಂಪನಿಗಳು ಮೂಲ ಸಾಬೀತು ಮಾಡುವ ಗೋಜಿಗಿಂತ ಇದನ್ನು ಕಟ್ಟಿಬಿಡುವುದೇ ಅಗ್ಗ ಎಂದು ಕಟ್ಟಿಬಿಡುತ್ತವೆ.

ಖರೀದಿದಾರರ ನಿಜವಾದ ಭಯ ಬೇರೆಡೆ ಇದೆ. 1992ರ ಡಿಸೆಂಬರ್ 6ರಂದು ಸ್ವಿಸ್ ಜನ ಐರೋಪ್ಯ ಆರ್ಥಿಕ ವಲಯ (ಒಕ್ಕೂಟದ ಸದಸ್ಯರಾಗದೆಯೇ ಅದರ ಮಾರುಕಟ್ಟೆಯೊಳಗೆ ಇರುವ ವ್ಯವಸ್ಥೆ) ಸೇರುವುದನ್ನು ಶೇ 50.3 ಮತಗಳಿಂದ ನಿರಾಕರಿಸಿದರು. (ಒಂದು ವಾರದ ನಂತರ ಪಕ್ಕದ ಪುಟ್ಟ ಲಿಕ್ಟನ್‌ಸ್ಟೈನ್ ಹೌದು ಎಂದಿತು. ಅದು 1920ರ ದಶಕದಿಂದಲೂ ಸ್ವಿಟ್ಜರ್ಲೆಂಡ್ ಜೊತೆ ಒಂದೇ ಗೇಟಿನಲ್ಲಿದೆ, ಈಗ ಆರ್ಥಿಕ ವಲಯದಲ್ಲೂ ಇದೆ. ಎರಡೂ ನಿಯಮಗಳ ಸರಕು ಅಲ್ಲಿನ ಅಂಗಡಿಗಳಲ್ಲಿ ಅಕ್ಕಪಕ್ಕ ಮಾರಾಟವಾಗುತ್ತದೆ. ವ್ಯಾಪಾರ ಕಾನೂನಿನವರಿಗೆ ಅದೊಂದು ಮ್ಯೂಸಿಯಂ.) ಆಮೇಲೆ ಸ್ವಿಸ್ ಸರ್ಕಾರ 1999ರಲ್ಲಿ ಏಳು ಒಪ್ಪಂದಗಳ ಒಂದು ಕಟ್ಟು ಮಾಡಿಕೊಂಡಿತು, 2002ರಲ್ಲಿ ಜಾರಿ. ಅದರಲ್ಲೊಂದು, ಸರಕಿನ ಸುರಕ್ಷತಾ ಪರೀಕ್ಷೆಯನ್ನು ಪರಸ್ಪರ ಒಪ್ಪಿಕೊಳ್ಳುವುದು. ಕಟ್ಟಿನ ಒಂದು ಒಪ್ಪಂದ ಮುರಿದರೆ ಏಳೂ ಬೀಳುತ್ತವೆ. ಇದಕ್ಕೆ ಗಿಲೊಟಿನ್ ಷರತ್ತು ಎಂದೇ ಹೆಸರು.

ನಿಯಮಗಳು ಬದಲಾಗುತ್ತವಲ್ಲ, ಆಗ ಒಪ್ಪಂದವನ್ನೂ ಹೊಸದಾಗಿಸಬೇಕು. 2021ರ ಮೇ 26ರಂದು ಸ್ವಿಟ್ಜರ್ಲೆಂಡ್ ದೊಡ್ಡ ಚೌಕಟ್ಟಿನ ಒಪ್ಪಂದದ ಮಾತುಕತೆಯಿಂದ ಎದ್ದುಬಂದಿತು. ಅದೇ ದಿನ ಒಕ್ಕೂಟದಲ್ಲಿ ವೈದ್ಯಕೀಯ ಉಪಕರಣಗಳ ಹೊಸ ನಿಯಮ ಜಾರಿಯಾಯಿತು, ಪರೀಕ್ಷೆಯನ್ನು ಪರಸ್ಪರ ಒಪ್ಪುವ ಸ್ವಿಸ್ ಒಪ್ಪಂದದಲ್ಲಿ ಆ ಉಪಕರಣಗಳ ಅಧ್ಯಾಯವನ್ನು ಪರಿಷ್ಕರಿಸಲು ಒಕ್ಕೂಟ ಒಪ್ಪಲಿಲ್ಲ. ಸುಂಕ ಒಂದು ಪೈಸೆ ಏರಲಿಲ್ಲ. ಆದರೂ ಸ್ವಿಸ್ ಉಪಕರಣ ತಯಾರಕರು ರಾತ್ರೋರಾತ್ರಿ ‘ಮೂರನೇ ದೇಶ’ದವರಾದರು: ಒಕ್ಕೂಟದೊಳಗೆ ಪ್ರತಿನಿಧಿ ಇಟ್ಟುಕೊಳ್ಳಬೇಕು, ಲೇಬಲ್ ಬದಲಿಸಬೇಕು. ಯಂತ್ರಗಳಿಗೂ ಅದೇ ಸರದಿ ಬರಲಿದೆ. ಒಕ್ಕೂಟದ ಹೊಸ ಯಂತ್ರೋಪಕರಣ ನಿಯಮ 2027ರ ಜನವರಿ 20ರಿಂದ ಅನ್ವಯವಾಗುತ್ತದೆ. ಜರ್ಮನಿಗೆ ಜೋಡಣೆ ಸಾಗಿಸುವ ಮಾತಿನ ಹಿಂದೆ ಈ ತಾರೀಖು ಇದ್ದರೆ ಆಶ್ಚರ್ಯವಿಲ್ಲ.

ನಿಮ್ಮ ಖರೀದಿದಾರರು ಹೇಳಿದ ಹೊಸ ಒಪ್ಪಂದಗಳ ಕಟ್ಟಿನ ಮಾತುಕತೆ 2024ರ ಡಿಸೆಂಬರ್‌ನಲ್ಲಿ ಮುಗಿಯಿತು. ಜಾರಿಗೆ ಬರಲು ಅದು ಸ್ವಿಸ್ ಸಂಸತ್ತನ್ನೂ ಜನರ ಮತವನ್ನೂ ದಾಟಬೇಕು. ಒಪ್ಪಿಕೊಂಡರೆ ಸಂಬಂಧಪಟ್ಟ ಕ್ಷೇತ್ರಗಳಲ್ಲಿ ಒಕ್ಕೂಟದ ಕಾನೂನು ಬದಲಾದಂತೆ ತಮ್ಮದನ್ನೂ ಬದಲಿಸುತ್ತ ಹೋಗಬೇಕು. ವಿವಾದ ಬಂದರೆ ಪಂಚಾಯಿತಿ ಮಂಡಳಿ ಇರುತ್ತದೆ, ಆದರೆ ಒಕ್ಕೂಟದ ಕಾನೂನಿನ ಅರ್ಥ ಹೇಳುವುದು ಒಕ್ಕೂಟದ ನ್ಯಾಯಾಲಯ. ಪ್ರತಿ ಕಾನೂನನ್ನೂ ಜನಮತಕ್ಕೆ ಎಳೆಯಬಲ್ಲ ದೇಶಕ್ಕೆ ಇದು ಸಣ್ಣ ಮಾತಲ್ಲ. ಒಪ್ಪದಿದ್ದರೆ ಹಳೆಯ ಒಪ್ಪಂದಗಳು ನಾಳೆಯೇ ಸಾಯುವುದಿಲ್ಲ, ಒಂದೊಂದಾಗಿ ತುಕ್ಕು ಹಿಡಿಯುತ್ತವೆ. 1972ರ ಸುಂಕದ ಒಪ್ಪಂದ ಆ ಏಳರ ಕಟ್ಟಿಗೆ ಸೇರಿದ್ದಲ್ಲ, ಅದು ಉಳಿಯುತ್ತದೆ. ಆದ್ದರಿಂದ ‘ಬೇಡ’ ಎಂಬ ಮತ ಬಂದ ಮರುದಿನ ನಿಮ್ಮ ಆರ್ಡರು ನಿಲ್ಲುತ್ತದೆ ಎಂಬ ಭಯ ಬಿಡಿ.

ಬೇರೆ ದೇಶಗಳ ದಾರಿಯೂ ಇದಕ್ಕಿಂತ ಸುಖದ್ದಲ್ಲ. ಹೊರಗಿರುವವರು ಪುಕ್ಕಟೆ ಲಾಭ ಪಡೆಯುತ್ತಾರೆ ಎಂಬ ಮಾತು ಅಲ್ಲೂ ಇಲ್ಲೂ ಕೇಳಿಬರುತ್ತದೆ. ನಾರ್ವೆ ಆರ್ಥಿಕ ವಲಯದಲ್ಲಿದೆ: ಒಕ್ಕೂಟದ ಮಾರುಕಟ್ಟೆ ನಿಯಮಗಳನ್ನು ಪಾಲಿಸುತ್ತದೆ, ದುಡ್ಡೂ ಕೊಡುತ್ತದೆ, ಆ ನಿಯಮಗಳಿಗೆ ಮತ ಹಾಕುವಾಗ ಕೋಣೆಯಲ್ಲಿ ಇರುವುದಿಲ್ಲ. ಕಸ್ಟಮ್ಸ್ ಯೂನಿಯನ್ನಿನಲ್ಲಿ ಇಲ್ಲದ ಕಾರಣ ಸ್ವೀಡನ್ ಗಡಿಯಲ್ಲಿ ತಪಾಸಣೆಯೂ ಇದೆ. ಟರ್ಕಿ 1995ರ ಕೊನೆಯಿಂದ ಕೈಗಾರಿಕಾ ಸರಕಿನ ಮಟ್ಟಿಗೆ ಒಂದೇ ಗೇಟಿನಲ್ಲಿದೆ. ಒಕ್ಕೂಟ ಬೇರೆ ದೇಶದೊಂದಿಗೆ ಒಪ್ಪಂದ ಮಾಡಿಕೊಂಡರೆ ಆ ದೇಶದ ಸರಕು ಟರ್ಕಿಗೂ ನುಗ್ಗಬಹುದು, ಟರ್ಕಿಯ ಸರಕಿಗೆ ಆ ದೇಶದ ಬಾಗಿಲು ತಾನಾಗಿ ತೆರೆಯುವುದಿಲ್ಲ. ಬ್ರಿಟನ್ 2021ರಿಂದ ಬರೀ ವ್ಯಾಪಾರ ಒಪ್ಪಂದದ ಮೇಲೆ ನಿಂತಿದೆ. ಸುಂಕ ಸೊನ್ನೆ, ಮೂಲದ ಕಾಗದ ಮಾತ್ರ ಬೆಟ್ಟದಷ್ಟು. 1956ರಲ್ಲಿ ತಾನೇ ಬಯಸಿದ್ದರ ಹತ್ತಿರಕ್ಕೆ ಸುತ್ತಿ ಬಳಸಿ ಬಂದಿದೆ, ಕಾಮನ್‌ವೆಲ್ತ್ ರಿಯಾಯಿತಿ ಮಾತ್ರ ಈಗಿಲ್ಲ.

ಇನ್ನು ನೀವು ಮಾಡಬಹುದಾದದ್ದು. ಇದ್ದಂತೆಯೇ ಮುಂದುವರಿಯುವುದಾದರೆ ಖರೀದಿದಾರರನ್ನು ನೇರವಾಗಿ ಕೇಳಿ: ಯಂತ್ರದಲ್ಲಿ ಹೊರಗಿನ ಮಾಲಿನ ಪಾಲು ಮಿತಿಗೆ ಎಷ್ಟು ಹತ್ತಿರ ಇದೆ? ಸಂಖ್ಯೆ ಹೇಳದಿದ್ದರೂ ‘ನಿರಾಳ’ವೋ ‘ಇಕ್ಕಟ್ಟು’ ಇದೆಯೋ ಎಂದು ಹೇಳುತ್ತಾರೆ. ಇಕ್ಕಟ್ಟಿದ್ದರೆ ನಿಮಗೆ ಹೆಚ್ಚು ಆರ್ಡರು ಸಿಗುವುದೇ ಅಪಾಯ, ಆ ಆರ್ಡರನ್ನು ನಂಬಿ ಸಾಲ ಮಾಡಿ ಹೊಸ ಮಷಿನ್ ಹಾಕಬೇಡಿ.

ಏಜೆಂಟರು ಹೇಳಿದಂತೆ ಸುಮ್ಮನೆ ಸಹಿ ಹಾಕುವ ದಾರಿಯೂ ಇದೆ. ಜರ್ಮನ್ ಕಸ್ಟಮ್ಸ್‌ಗೆ ಅನುಮಾನ ಬಂದರೆ ಸ್ವಿಸ್ ಕಸ್ಟಮ್ಸ್‌ಗೆ ಬರೆಯುತ್ತದೆ, ಅವರು ಕಂಪನಿಯ ಕಡತ ತೆಗೆಸುತ್ತಾರೆ, ಕಡತದಲ್ಲಿ ನಿಮ್ಮ ಹೇಳಿಕೆ ಇರುತ್ತದೆ. ಹಿಂದಿನ ವರ್ಷಗಳ ಸುಂಕವನ್ನೂ ಖರೀದಿದಾರರು ಕಟ್ಟಬೇಕಾಗುತ್ತದೆ. ಆ ಬಿಲ್ಲು ನಿಮ್ಮ ಬಾಗಿಲಿಗೆ ಬಂದೇ ಬರುತ್ತದೆ. ಒಳ್ಳೆಯ ಗಿರಾಕಿಯನ್ನು ಇದೇ ರೀತಿ ಕಳೆದುಕೊಂಡವರನ್ನು ನಾನು ಕಂಡಿದ್ದೇನೆ. ಎಫ್‌ಕೆಸಿಸಿಐನಂಥ ವಾಣಿಜ್ಯ ಸಂಸ್ಥೆ ಕೊಡುವ ಸಾಮಾನ್ಯ ಮೂಲ ಪ್ರಮಾಣಪತ್ರ ಮತ್ತು ಒಪ್ಪಂದದ ಅಡಿ ಸುಂಕ ರಿಯಾಯಿತಿಗೆ ಬೇಕಾದ ಪ್ರಮಾಣಪತ್ರ ಎರಡೂ ಒಂದೇ ಎಂದು ತಿಳಿದುಕೊಂಡವರೂ ಅನೇಕರು. ಅವೆರಡೂ ಬೇರೆ. ಖರೀದಿದಾರರು ಕೇಳುತ್ತಿರುವುದು ಯಾವುದು ಎಂದು ಇಮೇಲಿನಲ್ಲೇ ಸ್ಪಷ್ಟಪಡಿಸಿಕೊಳ್ಳಿ. ಉಕ್ಕು, ಹಿತ್ತಾಳೆ ಎಲ್ಲಿಂದ ಕೊಂಡಿರಿ ಎಂಬ ಬಿಲ್ಲು ಮತ್ತು ಮಿಲ್ ಸರ್ಟಿಫಿಕೇಟುಗಳನ್ನು ಬ್ಯಾಚ್ ಪ್ರಕಾರ ಎತ್ತಿಡಿ.

ಜೋಡಣೆ ನಿಜಕ್ಕೂ ಜರ್ಮನಿಗೆ ಹೋದರೆ ಲೆಕ್ಕ ತಲೆಕೆಳಗಾಗುತ್ತದೆ. ಯಂತ್ರ ಒಕ್ಕೂಟದೊಳಗೇ ಮಾರಾಟವಾಗುವುದರಿಂದ ಅದರ ಮೂಲ ಕೇಳುವವರಿಲ್ಲ, ನಿಮ್ಮ ಪಾಲು 12 ಇರಲಿ 30 ಇರಲಿ. ಆದರೆ ನಿಮ್ಮ ಬಿಡಿಭಾಗ ಒಳಗೆ ಬರುವಾಗ ಒಕ್ಕೂಟದ ಗೇಟಿನ ಸುಂಕ ಅನ್ವಯ, ಟೆಪಾ ಅಲ್ಲಿ ಕೆಲಸಕ್ಕೆ ಬಾರದು. ಜೊತೆಗೆ ಸರಕಿನ ತಯಾರಿಕೆಯಲ್ಲಿ ಹೊರಬಿದ್ದ ಇಂಗಾಲಕ್ಕೆ ತಕ್ಕಂತೆ ಬೀಳುವ ಒಕ್ಕೂಟದ ಇಂಗಾಲದ ಗಡಿ ಸುಂಕ, ಸಿಬಿಎಎಂ, 2026ರ ಜನವರಿಯಿಂದ ಪೂರ್ತಿ ಜಾರಿಯಲ್ಲಿದೆ. ಯಂತ್ರದ ಭಾಗವೆಂದು ಎಚ್‌ಎಸ್ ಕೋಡಿನ 84ನೇ ಅಧ್ಯಾಯದಲ್ಲಿ ಹೋಗುವ ಮಾಲಿಗೆ ಸದ್ಯ ಅದು ತಾಗುವುದಿಲ್ಲ. ಸ್ಕ್ರೂ, ಬೋಲ್ಟು ಎಂದು 7318ರಲ್ಲೋ, ಉಕ್ಕಿನ ಇತರ ವಸ್ತು ಎಂದು 7326ರಲ್ಲೋ ಹೋದರೆ ತಾಗುತ್ತದೆ. ಆಮದುದಾರ ವರ್ಷಕ್ಕೆ ಅಂಥ ಸರಕನ್ನು ಒಟ್ಟು 50 ಟನ್ನಿಗಿಂತ ಕಡಿಮೆ ತರಿಸಿದರೆ ವಿನಾಯಿತಿ ಉಂಟು, ಆದರೆ ಆ 50ರಲ್ಲಿ ಬೇರೆ ಪೂರೈಕೆದಾರರ ಮಾಲೂ ಸೇರುತ್ತದೆ. ಜರ್ಮನಿಯ ವಿಳಾಸಕ್ಕೆ ಕೊಟೇಶನ್ ಬರೆಯುವ ಮುನ್ನ ನಿಮ್ಮ ಒಂದೊಂದು ಭಾಗ ಈಗ ಯಾವ ಕೋಡಿನಲ್ಲಿ ಹೋಗುತ್ತಿದೆ ಎಂದು ಹಳೆಯ ಶಿಪ್ಪಿಂಗ್ ಬಿಲ್ಲುಗಳನ್ನು ತೆಗೆದು ನೋಡಿ. ಏಜೆಂಟರು ಅನುಕೂಲಕ್ಕೆ ಎಲ್ಲವನ್ನೂ 7326ಕ್ಕೆ ತುರುಕಿರುವುದು ಅಪರೂಪವೇನಲ್ಲ.